ಹೊಗೆಸೊಪ್ಪು ಬಿಡಿಸುವ ಕೆಲಸದ ತೂಕ

(ಎಸ್ಟೇಟ್ ಕಾರ್ಮಿಕ ಕುಟುಂಬಗಳ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ದಿನವೆಲ್ಲ ತೋಟದಲ್ಲಿ ದುಡಿದು, ಮನೆಗೆ ಹೋಗಿ ಒಲೆ ಹಚ್ಚುವುದಕ್ಕೂ ಮುಂಚೆ ಇಲ್ಲಿಗೆ ಬಂದಿದ್ದೀರಿ. ಆದಕಾರಣ ನಿಮ್ಮನ್ನು ಹೆಚ್ಚು ಹೊತ್ತು ಕೂರಿಸುವುದಿಲ್ಲ. ಹೊಗೆಸೊಪ್ಪು ಕೆಟ್ಟದ್ದು ಎಂದು ಹೇಳುವುದಕ್ಕೆ ನಾವು ನಿಂತಿಲ್ಲ. ಅದು ನಿಮಗೆಲ್ಲ ಗೊತ್ತು. ಬೀಡಿ ಕಟ್ಟಿನ ಮೇಲೂ ಸಿಗರೇಟು ಪೆಟ್ಟಿಗೆಯ ಮೇಲೂ ಹುಣ್ಣಿನ ಚಿತ್ರ ಹಾಕಿದ್ದಾರೆ. ಅಕ್ಷರ ಬಾರದವರಿಗೂ ಅದು ಅರ್ಥವಾಗುತ್ತದೆ. ಇಂದು ನಾವು ಮಾತಾಡಬೇಕೆಂದಿರುವುದು ಬೇರೊಂದು ಸಂಗತಿ. ಹೊಗೆಸೊಪ್ಪು ಬಿಡಿಸಬೇಕೆಂದು ಸರ್ಕಾರದವರು ಕೆಲಸ ಮಾಡುತ್ತಾರೆ, ಆಸ್ಪತ್ರೆಯವರು ಮಾಡುತ್ತಾರೆ, ನಮ್ಮಂಥ ಕೂಟದವರೂ ಮಾಡುತ್ತೇವೆ. ಈ ಕೆಲಸದಿಂದ ನಿಜವಾಗಿ ಯಾರಾದರೂ ಬಿಟ್ಟರೇ? ಬಿಟ್ಟರೆಂದು ತಿಳಿಯುವುದು ಹೇಗೆ? ಇದೇ ಇಂದಿನ ಪ್ರಶ್ನೆ.

ಈ ಪ್ರಶ್ನೆ ನಮಗೆ ಪುಸ್ತಕದಿಂದ ಹುಟ್ಟಲಿಲ್ಲ. ನಮ್ಮದೇ ತಪ್ಪಿನಿಂದ ಹುಟ್ಟಿತು. ಆ ತಪ್ಪನ್ನು ಮೊದಲು ನಿಮ್ಮ ಮುಂದೆ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಮೇ 31ರ ತಂಬಾಕು ವಿರೋಧಿ ದಿನದಂದು ಇದೇ ಅಂಗಳದಲ್ಲಿ ನಾವು ಸಭೆ ನಡೆಸಿದೆವು. ಹಾಡು ಆಯಿತು, ಚಿತ್ರ ತೋರಿಸಿದ್ದಾಯಿತು. ಕೊನೆಗೆ, "ಇಂದಿನಿಂದ ಬಿಡುವವರು ಕೈ ಎತ್ತಿರಿ" ಎಂದೆವು. ಅಂಗಳದ ತುಂಬ ಕೈಗಳು ಎದ್ದವು. ನಮಗೆ ಬಹಳ ಸಂತೋಷವಾಯಿತು. ಎತ್ತಿದ ಕೈಗಳನ್ನು ಎಣಿಸಿ ನಮ್ಮ ವರದಿಯಲ್ಲಿ ಬರೆದೆವು. ಆಮೇಲೆ ಮಳೆಗಾಲ ಬಂತು, ಸೊಪ್ಪು ಹೆಚ್ಚಾಯಿತು, ಎಲ್ಲರೂ ಕೆಲಸದಲ್ಲಿ ಮುಳುಗಿದೆವು. ಕೈ ಎತ್ತಿದವರನ್ನು ಎಣಿಸಿದ್ದ ನಾವು ಬಿಟ್ಟವರನ್ನು ಎಣಿಸಲಿಲ್ಲ.

ಅಂದು ಕೈ ಎತ್ತಿದವರಲ್ಲಿ ಮೇಲಿನ ಲೈನಿನ ಒಬ್ಬ ಅಕ್ಕನೂ ಇದ್ದರು. ಅವರ ಹೆಸರು ಹೇಳುವುದಿಲ್ಲ. ಅವರ ಮಾತನ್ನು ಹೇಳಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಸೊಂಟದ ಚೀಲದಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಯಾವಾಗಲೂ ಇಟ್ಟುಕೊಂಡಿರುತ್ತಿದ್ದರು. ಎರಡು ವರ್ಷ ಕಳೆದ ಮೇಲೆ ಅವರ ಕೆನ್ನೆಯ ಒಳಗೆ ಒಂದು ಹುಣ್ಣು ಎದ್ದಿತು. ಖಾರ ತಗಲಿದರೆ ಉರಿ. ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡರು. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದಾಗ ಕ್ಯಾನ್ಸರ್ ಎಂದರು. ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಇಂದು ಆ ಅಕ್ಕ ನಮ್ಮ ನಡುವೆ ಇದ್ದಾರೆ, ಗಂಜಿ ಕುಡಿದು ಬದುಕುತ್ತಿದ್ದಾರೆ. ನಾವು ನೋಡಲು ಹೋದಾಗ ಅವರು ನಮ್ಮನ್ನು ಬಯ್ಯಲಿಲ್ಲ. ಇಷ್ಟೇ ಹೇಳಿದರು: "ಅವತ್ತು ನಾನು ಸುಳ್ಳಿಗೆ ಕೈ ಎತ್ತಲಿಲ್ಲ. ಒಂಬತ್ತು ದಿನ ಬಿಟ್ಟಿದ್ದೆ. ತಲೆನೋವು, ಸಿಟ್ಟು, ನಿದ್ದೆ ಇಲ್ಲ. ಹತ್ತನೇ ದಿನ ಯಾರಾದರೂ ಬಂದು, ಹೇಗಿದ್ದೀಯಮ್ಮ ಅಂತ ಕೇಳಿದ್ದರೆ ಇನ್ನೂ ಸ್ವಲ್ಪ ದಿನ ತಡೆದುಕೊಳ್ಳುತ್ತಿದ್ದೆನೋ ಏನೋ."

ಆ ದಿನದಿಂದ ಈ ಮಾತು ನಮ್ಮನ್ನು ಬಿಟ್ಟಿಲ್ಲ. ನಮ್ಮ ವರದಿಯಲ್ಲಿ ಆ ಅಕ್ಕ ಗೆಲುವಿನ ಲೆಕ್ಕದಲ್ಲಿ ಸೇರಿದ್ದರು. ಮನೆಯಲ್ಲಿ ಒಬ್ಬರೇ ಸೋಲುತ್ತಿದ್ದರು.

ಹಾಗಾದರೆ ಇಂಥ ಕೆಲಸವನ್ನು ಸರಿಯಾಗಿ ಅಳೆಯುವುದು ಹೇಗೆ? ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಸಂಜೆ ಸೊಪ್ಪು ತೂಗುವ ಜಾಗಕ್ಕೆ ಹೋದರೆ ಸಾಕು. ನೀವು ಎಷ್ಟು ಸಾಲು ನಡೆದಿರಿ, ಎಷ್ಟು ಗಿಡ ಮುಟ್ಟಿದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ತಕ್ಕಡಿ ಏನು ತೋರಿಸುತ್ತದೋ ಅದೇ ಲೆಕ್ಕ. ಅಷ್ಟೇ ಅಲ್ಲ, ಚೀಲದ ತೂಕ ಕಳೆಯುತ್ತಾರೆ. ಮಳೆಯಲ್ಲಿ ಸೊಪ್ಪು ನೆನೆದಿದ್ದರೆ ನೀರಿನ ತೂಕವನ್ನೂ ಕಳೆಯುತ್ತಾರೆ. ನ್ಯಾಯಕ್ಕಿಂತ ಹೆಚ್ಚು ಕಳೆದರೆಂದು ನಾವು ಎಷ್ಟೋ ಸಲ ಜಗಳವಾಡಿದ್ದುಂಟು. ಆದರೂ ನೀರು ಸೊಪ್ಪಲ್ಲ ಎಂಬುದು ನಮಗೂ ಗೊತ್ತು.

ಹೊಗೆಸೊಪ್ಪು ಬಿಡಿಸುವ ಕೆಲಸವನ್ನೂ ಹೀಗೆಯೇ ತೂಗತಕ್ಕದ್ದು. ಎಷ್ಟು ಸಭೆ ನಡೆಯಿತು, ಎಷ್ಟು ಬೋರ್ಡು ಹಾಕಿದರು, ಎಷ್ಟು ಜನರಿಗೆ ದಂಡ ಹಾಕಿದರು ಎಂಬುದೆಲ್ಲ ನಡೆದ ಸಾಲುಗಳ ಲೆಕ್ಕ. ಎಷ್ಟು ಜನ ಬಿಟ್ಟರು, ಒಂದು ವರ್ಷವಾದ ಮೇಲೂ ಬಿಟ್ಟೇ ಇದ್ದಾರೆಯೇ ಎಂಬುದು ತಕ್ಕಡಿಯ ಲೆಕ್ಕ. ಇದರಲ್ಲಿಯೂ ನೀರಿನ ತೂಕ ಉಂಟು. ಯಾಕಂದರೆ ಯಾವ ಕಾರ್ಯಕ್ರಮವೂ ಇಲ್ಲದ ಊರಿನಲ್ಲಿಯೂ ಕೆಲವರು ತಾವಾಗಿ ಬಿಡುತ್ತಾರೆ. ಒಬ್ಬನಿಗೆ ಕೆಮ್ಮು ಬಂತು, ಬಿಟ್ಟ; ಒಬ್ಬಳು ಬಸುರಿಯಾದಳು, ಬಿಟ್ಟಳು; ಬೆಲೆ ಏರಿತು, ಇನ್ನೊಬ್ಬ ಬಿಟ್ಟ. ಅವರನ್ನೆಲ್ಲ ನಮ್ಮ ಕಾರ್ಯಕ್ರಮದ ಹೆಸರಿಗೆ ಬರೆದುಕೊಂಡರೆ ಅದು ನೆನೆದ ಸೊಪ್ಪನ್ನು ತೂಗಿದ ಹಾಗೆ. ಆದಕಾರಣ ಕೆಲಸ ನಡೆದ ಊರಿನ ಪಕ್ಕದಲ್ಲಿ, ಕೆಲಸ ನಡೆಯದ ಅಂಥದೇ ಇನ್ನೊಂದು ಊರನ್ನೂ ಎಣಿಸಬೇಕು. ಅಲ್ಲಿ ಬಿಟ್ಟವರ ಲೆಕ್ಕವನ್ನು ಇಲ್ಲಿ ಬಿಟ್ಟವರ ಲೆಕ್ಕದಿಂದ ಕಳೆದರೆ ಉಳಿಯುವುದೇ ನಿಜವಾದ ಸೊಪ್ಪು.

ಹೀಗೆ ಪ್ರಾಮಾಣಿಕವಾಗಿ ತೂಗಿದವರು ನಮ್ಮ ದೇಶದಲ್ಲಿಯೇ ಇದ್ದಾರೆ. ಮೂರು ಕೆಲಸಗಳನ್ನು ಮಾತ್ರ ಹೇಳುತ್ತೇವೆ. ಮೂರರಲ್ಲಿ ಎರಡು ಕೇರಳದ ಮಣ್ಣಿಗೂ ಒಂದು ಕರ್ನಾಟಕದ ಮಣ್ಣಿಗೂ ಸೇರಿದವು.

ಮೊದಲನೆಯದು 1977ರಲ್ಲಿ ಆರಂಭವಾಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧಕರು ಕೇರಳದ ಎರ್ನಾಕುಳಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ ಈ ಮೂರು ಜಿಲ್ಲೆಗಳ ಹಳ್ಳಿಗಳಿಗೆ ಹೋದರು. ಹೊಗೆಸೊಪ್ಪು ಸೇದುವ ಅಥವಾ ಜಗಿಯುವ 36,000ಕ್ಕೂ ಹೆಚ್ಚು ಜನರನ್ನು ಗುರುತಿಸಿದರು. ಭಾಷಣ ಮಾಡಿ ಹಿಂತಿರುಗಲಿಲ್ಲ. ವರ್ಷವರ್ಷವೂ ಅದೇ ಮನೆಗಳಿಗೆ ಹೋಗಿ ಬಾಯಿ ನೋಡಿದರು, ಮುಖಾಮುಖಿ ಕುಳಿತು ಬುದ್ಧಿ ಹೇಳಿದರು, ಬಿಟ್ಟೆಯಾ ಎಂದು ಕೇಳಿದರು. ಇದಕ್ಕೂ ಮುಂಚೆ ಅದೇ ಸೀಮೆಗಳಲ್ಲಿ ಬೇರೆ ಜನರನ್ನು, ಇಂಥ ಬೋಧನೆ ಇಲ್ಲದೆ, ವರ್ಷವರ್ಷ ಪರೀಕ್ಷಿಸಿದ ಲೆಕ್ಕ ಅವರ ಹತ್ತಿರ ಇತ್ತು. ಅದರೊಂದಿಗೆ ಹೋಲಿಸಿದರು. ಐದು ವರ್ಷಗಳ ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಬಹುಪಾಲು ಜನ ಪೂರ್ತಿಯಾಗಿ ಬಿಡಲಿಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಆದರೆ ಬುದ್ಧಿ ಹೇಳಿದ ಕಡೆ ಬಿಟ್ಟವರು ಮೊದಲಿನ ಲೆಕ್ಕಕ್ಕಿಂತ ಹೆಚ್ಚು. ಬಿಡಲಾಗದವರಲ್ಲಿ ಕಡಿಮೆ ಮಾಡಿಕೊಂಡವರೂ ಇದ್ದರು. ಕ್ಯಾನ್ಸರಿಗೆ ಮುಂಚೆ ಬಾಯಲ್ಲಿ ಕಾಣುವ ಬಿಳಿ ಮಚ್ಚೆ ಎರ್ನಾಕುಳಂ ಕಡೆ ಸ್ಪಷ್ಟವಾಗಿ ಕಡಿಮೆಯಾಯಿತು. ಬಿಟ್ಟರೆ ದೇಹಕ್ಕೆ ಲಾಭವುಂಟು, ಅದೂ ಕೆಲವೇ ವರ್ಷಗಳಲ್ಲಿ ಎಂದು ಇದರಿಂದ ತಿಳಿಯಿತು.

ಎರಡನೆಯದು ಕೋಲಾರ ಜಿಲ್ಲೆಯದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯವರು ಅಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕೆಲಸ ಮಾಡಿದರು. ಊರೂರಿಗೆ ಹೋಗಿ ಸಿನಿಮಾ ತೋರಿಸಿದರು, ಚಿತ್ರಪ್ರದರ್ಶನ ಇಟ್ಟರು, ಒಬ್ಬೊಬ್ಬರ ಹತ್ತಿರವೂ ಮಾತಾಡಿದರು. ಕೆಲಸ ಆರಂಭಿಸುವ ಮುಂಚೆ ಎಷ್ಟು ಜನ ಹೊಗೆಸೊಪ್ಪು ಬಳಸುತ್ತಾರೆಂದು ಎಣಿಸಿದರು. ಕಾರ್ಯಕ್ರಮವಿಲ್ಲದ ಬೇರೆ ಎರಡು ಸೀಮೆಗಳನ್ನೂ ಎಣಿಸಿದರು. ಆಮೇಲೆ ಮತ್ತೆ ಹೋಗಿ ಎಣಿಸಿದರು. 1995ರಲ್ಲಿ ಅದರ ವರದಿ ಬಂತು. ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಮೊದಲು ಬಳಸುತ್ತಿದ್ದ ಗಂಡಸರಲ್ಲಿ ನೂರಕ್ಕೆ ಸುಮಾರು 26, ಹೆಂಗಸರಲ್ಲಿ ನೂರಕ್ಕೆ ಸುಮಾರು 36 ಜನ ಬಿಟ್ಟಿದ್ದರು. ಕಾರ್ಯಕ್ರಮವಿಲ್ಲದ ಕಡೆ ಬಿಟ್ಟವರು ಅತ್ಯಲ್ಪ. ನೀರಿನ ತೂಕ ಕಳೆದ ಮೇಲೆಯೂ ಬುಟ್ಟಿ ಭಾರವಾಗಿಯೇ ಇತ್ತು. ಇಲ್ಲಿ ತಾಯಂದಿರು ಒಂದು ಮಾತನ್ನು ಗಮನಿಸಬೇಕು. ಹೆಂಗಸರು ಎಲೆ ಅಡಿಕೆ ಬಿಡುವುದಿಲ್ಲ, ಅವರಿಗೆ ಹೇಳಿ ಪ್ರಯೋಜನವಿಲ್ಲ ಎಂದು ನಮ್ಮಲ್ಲಿ ಅನೇಕ ಗಂಡಸರು ಹೇಳುತ್ತಾರೆ. ಕೋಲಾರದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಬಿಟ್ಟರು.

ಮೂರನೆಯದು ತಿರುವನಂತಪುರದ್ದು. 1996ರಿಂದ 2004ರವರೆಗೆ 13 ಪಂಚಾಯಿತಿಗಳಲ್ಲಿ, 35 ವರ್ಷ ದಾಟಿದ 1,90,000ಕ್ಕೂ ಹೆಚ್ಚು ಜನರ ಲೆಕ್ಕ ಹಿಡಿದರು. ಕೆಲವು ಪಂಚಾಯಿತಿಗಳಲ್ಲಿ ಆರೋಗ್ಯ ಕಾರ್ಯಕರ್ತರು ಮೂರು ಸುತ್ತು ಮನೆಮನೆಗೆ ಹೋಗಿ ಬಾಯಿ ನೋಡಿದರು. ಉಳಿದವುಗಳಲ್ಲಿ ಎಂದಿನ ಹಾಗೆ ಬಿಟ್ಟರು. ಬಾಯಿ ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಸಂಶಯ ಬಂದವರನ್ನು ಮಾತ್ರ ಡಾಕ್ಟರ ಹತ್ತಿರ ಕಳುಹಿಸಿದರು. 2005ರಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ, ಬಾಯಿ ಕ್ಯಾನ್ಸರಿನ ಸಾವು ಖಂಡಿತವಾಗಿ ಕಡಿಮೆಯಾಯಿತೆಂದು ಹೇಳಲು ಆಗಲಿಲ್ಲ. ಆದರೆ ತಂಬಾಕು ಅಥವಾ ಕುಡಿತದ ಅಭ್ಯಾಸ ಇದ್ದವರನ್ನು ಮಾತ್ರ ತೆಗೆದುಕೊಂಡರೆ, ಬಾಯಿ ನೋಡಿದ ಕಡೆ ಸಾವು ನೂರಕ್ಕೆ 34ರಷ್ಟು ಕಡಿಮೆ. ಅಂದರೆ ಯಾರ ಬಾಯಿಯನ್ನು ಮೊದಲು ನೋಡಬೇಕೆಂಬುದನ್ನು ಆ ಲೆಕ್ಕ ಕಲಿಸಿತು. ನಮ್ಮ ಮೇಲಿನ ಲೈನಿನ ಅಕ್ಕನ ಕೆನ್ನೆಯನ್ನು ವರ್ಷಕ್ಕೊಮ್ಮೆ ಯಾರಾದರೂ ಬೆಳಕಿನಲ್ಲಿ ನೋಡಿದ್ದರೆ, ದವಡೆ ಉಳಿಯುತ್ತಿತ್ತೋ ಏನೋ.

ಈಗ ನಾವು ಇರುವ ಸೀಮೆಯ ಮಾತಿಗೆ ಬರೋಣ. ನಮ್ಮದು ಮೂರು ರಾಜ್ಯ ಕೂಡುವ ಜಾಗ. ಗೂಡಲೂರಿನಿಂದ ಒಂದು ಕಡೆ ಇಳಿದರೆ ಗುಂಡ್ಲುಪೇಟೆ, ಇನ್ನೊಂದು ಕಡೆ ಹೋದರೆ ಸುಲ್ತಾನ್ ಬತ್ತೇರಿ. ಸಂಬಂಧಿಕರು ಮೂರೂ ಕಡೆ ಇದ್ದಾರೆ. ಮದುವೆಗೆ ಹೋದರೆ ಮೂರೂ ಕಡೆಯ ಎಲೆ ತಟ್ಟೆ ನೋಡುತ್ತೇವೆ. ಈ ಮೂರು ರಾಜ್ಯಗಳಲ್ಲಿ ಹೊಗೆಸೊಪ್ಪಿನ ಬಳಕೆ ಎಷ್ಟು ಎಂದು ಕೇಂದ್ರ ಸರ್ಕಾರ ಎರಡು ಸಲ ಎಣಿಸಿ ಪ್ರಕಟಿಸಿದೆ. ಒಂದು 2009–10ರಲ್ಲಿ, ಇನ್ನೊಂದು 2016–17ರಲ್ಲಿ. ಎರಡು ಸಲವೂ 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರನ್ನು ಮನೆಗೇ ಹೋಗಿ ಕೇಳಿದರು.

ಇಡೀ ದೇಶದಲ್ಲಿ ನೂರಕ್ಕೆ 34.6 ಇದ್ದದ್ದು 28.6ಕ್ಕೆ ಇಳಿಯಿತು. ಕೇರಳದಲ್ಲಿ 21.4 ಇದ್ದದ್ದು 12.7ಕ್ಕೆ ಇಳಿಯಿತು. ಕರ್ನಾಟಕದಲ್ಲಿ 28.2 ಇದ್ದದ್ದು 22.8ಕ್ಕೆ ಇಳಿಯಿತು. ತಮಿಳುನಾಡಿನಲ್ಲಿ ಮಾತ್ರ 16.2 ಇದ್ದದ್ದು 20.0ಕ್ಕೆ ಏರಿತು.

ಈ ಅಂಕಿಗಳನ್ನು ಕೇಳಿ ಕೇರಳದವರು ಹೆಮ್ಮೆಪಡುವುದೂ ತಮಿಳುನಾಡಿನವರು ತಲೆ ತಗ್ಗಿಸುವುದೂ ನಮ್ಮ ಉದ್ದೇಶವಲ್ಲ. ಎರಡನೆಯ ಎಣಿಕೆಯಲ್ಲಿಯೂ ತಮಿಳುನಾಡು ಕರ್ನಾಟಕಕ್ಕಿಂತ ಕೆಳಗೇ ಇತ್ತು. ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಯಾವ ಕಡೆಗೆ ಹೋಗುತ್ತಿದೆ ಎಂಬುದು ಇನ್ನೊಂದು ಪ್ರಶ್ನೆ, ಎರಡನ್ನೂ ಕೇಳಬೇಕು. ಆದರೆ ಒಂದು ಸಂಗತಿಯನ್ನು ಯೋಚಿಸಿ ನೋಡಿ. ತಂಬಾಕಿನ ಕಾನೂನು 2003ರಲ್ಲಿ ಆದದ್ದು ಇಡೀ ದೇಶಕ್ಕೆ ಒಂದೇ. ಸಾರ್ವಜನಿಕ ಜಾಗದಲ್ಲಿ ಸೇದಬಾರದು, 18 ವರ್ಷದೊಳಗಿನವರಿಗೆ ಮಾರಬಾರದು, ಶಾಲೆಯಿಂದ ನೂರು ಗಜದೊಳಗೆ ಮಾರಬಾರದು ಎಂಬ ನಿಯಮ ಆ ಎರಡು ಎಣಿಕೆಗಳ ಕಾಲದಲ್ಲಿ ಮೂರೂ ರಾಜ್ಯಕ್ಕೆ ಒಂದೇ ಆಗಿತ್ತು. ಗುಟ್ಕಾ ಮಾರಾಟವನ್ನು ಕೇರಳ 2012ರಲ್ಲಿ, ಕರ್ನಾಟಕವೂ ತಮಿಳುನಾಡೂ 2013ರಲ್ಲಿ ನಿಷೇಧಿಸಿದವು. ಒಂದೇ ಕಾನೂನು, ಹೆಚ್ಚುಕಡಿಮೆ ಒಂದೇ ನಿಷೇಧ. ಆದರೆ ಫಲ ಮೂರು ಬಗೆ. ಇದರಿಂದ ಏನು ತಿಳಿಯುತ್ತದೆ? ಕಾಗದದ ಮೇಲೆ ಕಾನೂನು ಇದೆ ಎಂಬಷ್ಟರಿಂದ ಬಳಕೆ ಇಳಿಯುವುದಿಲ್ಲ. ಅದನ್ನು ಯಾರು, ಎಲ್ಲಿ, ಎಷ್ಟು ದಿನ ನಡೆಸಿದರು ಎಂಬುದನ್ನು ನೋಡಬೇಕು. ಕೇರಳದಲ್ಲಿ ಈ ಮಾತು ಹೊಸದಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಬಾರದೆಂದು ಅಲ್ಲಿನ ಹೈಕೋರ್ಟು 1999ರಲ್ಲಿಯೇ ತೀರ್ಪು ಕೊಟ್ಟಿತ್ತು. ಆದರೆ ಕೇರಳದ ಇಳಿತವೆಲ್ಲ ಅದರಿಂದಲೇ ಆಯಿತೆಂದು ಹೇಳಿದರೆ ಅದೂ ನೀರು ಕಳೆಯದ ತೂಕವಾದೀತು.

ಇನ್ನೊಂದು ಎಚ್ಚರಿಕೆ. ರಾಜ್ಯದ ಅಂಕಿ ರಾಜ್ಯದ ಸರಾಸರಿ. ಅದರಲ್ಲಿ ಪಟ್ಟಣದ ಆಫೀಸಿನವರೂ ಇದ್ದಾರೆ, ಕಡಲ ತೀರದವರೂ ಇದ್ದಾರೆ. ಎಸ್ಟೇಟಿನ ಲೈನಿನಲ್ಲಿ ಎಷ್ಟು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಹಾಡಿಯಲ್ಲಿ ಎಷ್ಟು ಎಂಬುದನ್ನೂ ಹೇಳುವುದಿಲ್ಲ. ರಾಜ್ಯದ ಸರಾಸರಿ ಚೆನ್ನಾಗಿ ಇಳಿದಿದ್ದರೂ ನಮ್ಮ ಲೈನಿನಲ್ಲಿ ಒಬ್ಬರೂ ಬಿಟ್ಟಿರದೇ ಇರಬಹುದು. ಆದಕಾರಣ ಆರೋಗ್ಯ ಇಲಾಖೆಯವರು ನಮ್ಮ ಕಡೆ ಬಂದಾಗ ನಾವು ವಿನಯದಿಂದ ಕೆಲವು ಪ್ರಶ್ನೆಗಳನ್ನು ಕೇಳತಕ್ಕದ್ದು. ಕೇಳುವುದು ತಪ್ಪಲ್ಲ, ಅದು ನಮ್ಮ ಹಕ್ಕು.

ನೀವು ಬಂದದ್ದು ಯಾವ ಹೊತ್ತಿಗೆ? ಹಗಲು ಹತ್ತು ಗಂಟೆಗೆ ಬಂದು ಲೈನಿನಲ್ಲಿ ಮಾತಾಡಿದರೆ ಕೇಳುವವರು ಅಜ್ಜಿಯರೂ ಮಕ್ಕಳೂ ಮಾತ್ರ. ದುಡಿಯುವವರೆಲ್ಲ ತೋಟದಲ್ಲಿ ಇರುತ್ತಾರೆ. ಯಾವ ಭಾಷೆಯಲ್ಲಿ ಮಾತಾಡಿದಿರಿ? ಮನೆಯಲ್ಲಿ ಕನ್ನಡ ಆಡುವವರಿಗೆ ತಮಿಳು ಅಥವಾ ಮಲಯಾಳದ ಕಾಗದ ಕೊಟ್ಟರೆ ಅದು ಒಲೆ ಹಚ್ಚುವುದಕ್ಕೆ ಆಗುತ್ತದೆ. ಸೇದುವವರನ್ನು ಮಾತ್ರ ಎಣಿಸಿದಿರೋ, ಜಗಿಯುವವರನ್ನೂ ಎಣಿಸಿದಿರೋ? ದೇಶದ ಲೆಕ್ಕದಲ್ಲಿ ಸೇದುವವರಿಗಿಂತ ಬಾಯಲ್ಲಿ ಇಟ್ಟುಕೊಳ್ಳುವವರೇ ಹೆಚ್ಚು. 2016–17ರಲ್ಲಿ ನೂರಕ್ಕೆ 10.7 ಜನ ಸೇದುತ್ತಿದ್ದರು, 21.4 ಜನ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು. "ಧೂಮಪಾನ ನಿಷೇಧಿಸಿದೆ" ಎಂಬ ಬೋರ್ಡು ಬುಟ್ಟಿ ಹೊತ್ತ ಹೆಂಗಸಿನ ಸೊಂಟದ ಚೀಲವನ್ನು ಮುಟ್ಟುವುದಿಲ್ಲ. ಮತ್ತು ಕೊನೆಯದಾಗಿ, ನೀವು ಮತ್ತೆ ಯಾವಾಗ ಬರುತ್ತೀರಿ?

ನಮ್ಮವರು ಯಾಕೆ ಜಗಿಯುತ್ತಾರೆ ಎಂಬುದನ್ನೂ ಕೇಳದೆ ಬಿಡಿಸಲು ಹೊರಟರೆ ಕೆಲಸ ನಡೆಯುವುದಿಲ್ಲ. ಬೆಳಿಗ್ಗೆ ಹಾಜರಿಗೆ ಓಡುವ ಗಡಿಬಿಡಿಯಲ್ಲಿ ಎಷ್ಟೋ ಜನ ಹೊಟ್ಟೆಗೆ ಏನೂ ಹಾಕುವುದಿಲ್ಲ. ಮಧ್ಯಾಹ್ನದವರೆಗೆ ಹಸಿವನ್ನು ಎಲೆ ಅಡಿಕೆ ತಡೆಯುತ್ತದೆ. ಮಂಜು, ಚಳಿ, ಮಳೆ. ಜಿಗಣೆ ಹತ್ತದ ಹಾಗೆ ಕಾಲಿಗೆ ಹೊಗೆಸೊಪ್ಪಿನ ಪುಡಿ ಹಚ್ಚಿಕೊಳ್ಳುವವರೂ ಇದ್ದಾರೆ. ಕಾಲಿಗೆಂದು ತಂದದ್ದು ಬಾಯಿಗೂ ಹೋಗುತ್ತದೆ. ಇದನ್ನೆಲ್ಲ ತಿಳಿದವರು ಬರಿಯ ಭಯ ಹುಟ್ಟಿಸುವುದಿಲ್ಲ. ಬೆಳಿಗ್ಗೆ ಒಂದು ಲೋಟ ಗಂಜಿ ಕುಡಿದು ಹೊರಡುವ ವ್ಯವಸ್ಥೆಯನ್ನೂ ಯೋಚಿಸುತ್ತಾರೆ. ಹತ್ತು ಗಂಟೆಯ ಟೀ ಬಿಡುವು ಸರಿಯಾಗಿ ಸಿಗಬೇಕೆಂದು ಕೇಳುವುದೂ ಹೊಗೆಸೊಪ್ಪು ಬಿಡಿಸುವ ಕೆಲಸವೇ.

ಕಳೆದ ಸಲ ಕಾಸರಗೋಡು ಕಡೆಯಿಂದ ಬಂದಿದ್ದ ಒಬ್ಬ ಸಹೋದರಿ ನಮ್ಮನ್ನು ಕೇಳಿದರು: "ಎಲ್ಲರೂ ಬೀಡಿ ಬಿಟ್ಟರೆ, ಬೀಡಿ ಕಟ್ಟಿ ನಮ್ಮನ್ನು ಸಾಕಿದ ತಾಯಂದಿರ ಗತಿ ಏನು?" ಇದು ನ್ಯಾಯವಾದ ಪ್ರಶ್ನೆ. ಕಾರ್ಮಿಕರ ಕೂಟ ಇದನ್ನು ದಾಟಿ ಹೋಗಬಾರದು. ಬೀಡಿ ಕೆಲಸಗಾರರ ರಕ್ಷಣೆಗಾಗಿ 1966ರಲ್ಲಿ ಕಾನೂನು ಆಯಿತು. ಅದನ್ನು ಜಾರಿಗೆ ತರುವಾಗ ಖಾಸಗಿ ಮಾಲೀಕರು ಉತ್ತರ ಕೇರಳದಲ್ಲಿ ಕೆಲಸ ನಿಲ್ಲಿಸಿದರು. ಆಗ 1969ರಲ್ಲಿ ಕಣ್ಣೂರಿನಲ್ಲಿ ಕಾರ್ಮಿಕರೇ ಸೇರಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಸಾವಿರಾರು ಕುಟುಂಬಗಳು ಅದರಿಂದ ಬದುಕಿದವು. ಮುಂದೆ ಬೀಡಿಗೆ ಬೇಡಿಕೆ ಇಳಿದಾಗ ಅದೇ ಸಂಘ ತೆಂಗಿನ ಹಾಲು, ಉಪ್ಪಿನಕಾಯಿ, ಕೊಡೆ, ಬಟ್ಟೆ ಇಂಥ ಕೆಲಸಗಳಿಗೆ ಕೈ ಹಾಕಿತು. ಆದರೂ ಬೀಡಿ ಕಟ್ಟುತ್ತಿದ್ದ ಎಲ್ಲರಿಗೂ ಅಲ್ಲಿ ಜಾಗ ಆಗಲಿಲ್ಲ. ತಂಬಾಕಿನ ದೂಳು ಕುಡಿದು ಕೆಮ್ಮುವವರೂ ಅವರೇ, ತಂಬಾಕು ಇಳಿದರೆ ಕೂಲಿ ಕಳೆದುಕೊಳ್ಳುವವರೂ ಅವರೇ. ಆದಕಾರಣ ಒಂದು ಕಾರ್ಯಕ್ರಮ ಗೆದ್ದಿತೇ ಎಂದು ತೂಗುವಾಗ, ಬಿಟ್ಟವರೆಷ್ಟು ಎಂಬುದರ ಜೊತೆಗೆ, ಕೆಲಸ ಕಳೆದುಕೊಂಡವರಿಗೆ ಬೇರೆ ಕೆಲಸ ಸಿಕ್ಕಿತೇ ಎಂಬುದನ್ನೂ ತಕ್ಕಡಿಗೆ ಹಾಕಬೇಕು. ಬಡವರ ಒಂದು ಗುಂಪಿನ ಆರೋಗ್ಯಕ್ಕೆ ಬಡವರ ಇನ್ನೊಂದು ಗುಂಪು ಒಂದೇ ಬೆಲೆ ಕೊಡಬಾರದು.

ಈಗ ನಾವು ಏನು ಮಾಡಬೇಕು? ಬೇರೆಯವರನ್ನು ಪ್ರಶ್ನೆ ಕೇಳುವ ಮುಂಚೆ ನಮ್ಮ ಲೆಕ್ಕವನ್ನು ಸರಿ ಮಾಡಿಕೊಳ್ಳಬೇಕು. ಕೂಟದ ಕಾರ್ಯಕರ್ತರು ಸೇರಿ ಹೀಗೆ ತೀರ್ಮಾನಿಸಿದ್ದೇವೆ.

ಒಂದು ನೋಟುಬುಕ್ಕು ಇಡುತ್ತೇವೆ. ಕೆಲಸ ಆರಂಭಿಸುವ ಮುಂಚೆ ಪ್ರತಿ ಮನೆಗೂ ಹೋಗಿ ಯಾರು ಸೇದುತ್ತಾರೆ, ಯಾರು ಜಗಿಯುತ್ತಾರೆ, ದಿನಕ್ಕೆ ಎಷ್ಟು ಸಲ ಎಂದು ಬರೆಯುತ್ತೇವೆ. ಬಿಡಲು ಒಪ್ಪಿದವರ ಮನೆಗೆ ಮೂರನೆಯ ದಿನ, ಹತ್ತನೆಯ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಒಂದು ವರ್ಷಕ್ಕೆ ಹೋಗುತ್ತೇವೆ. ಮೊದಲ ಕೆಲವು ದಿನಗಳಲ್ಲಿ ತಲೆನೋವು, ಸಿಟ್ಟು, ನಿದ್ದೆಗೇಡು ಬರುವುದು ಸಹಜ. ಬಹಳ ಜನರಿಗೆ ಕೆಲವು ವಾರಗಳಲ್ಲಿ ಅದು ಇಳಿಯುತ್ತದೆ. ಆ ದಿನಗಳಲ್ಲಿಯೇ ಪಕ್ಕದಲ್ಲಿ ಒಬ್ಬರು ಬೇಕು. ಒಬ್ಬರು ಮತ್ತೆ ಹಾಕಿಕೊಂಡರೆ ಅವರನ್ನು ಬಯ್ಯುವುದಿಲ್ಲ, ನಾಚಿಸುವುದಿಲ್ಲ. ನೋಟುಬುಕ್ಕಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು, ಮತ್ತೆ ಆರಂಭಿಸಲು ಕೇಳುತ್ತೇವೆ. ಎಷ್ಟೋ ಜನ ಮೂರು ನಾಲ್ಕು ಸಲ ಸೋತ ಮೇಲೆಯೇ ಪೂರ್ತಿ ಬಿಟ್ಟಿದ್ದಾರೆ.

ನಾವು ಇರುವುದು ಕೆಲವೇ ಜನ. ಎಲ್ಲ ಲೈನುಗಳಿಗೂ ಒಂದೇ ಸಲ ಹೋಗಲು ನಮ್ಮಿಂದ ಆಗದು. ಈ ವರ್ಷ ಎರಡು ಲೈನುಗಳಲ್ಲಿ ಮಾತ್ರ ಆರಂಭಿಸುತ್ತೇವೆ; ಉಳಿದ ಲೈನುಗಳ ಸರದಿ ಮುಂದಿನ ವರ್ಷ. ಆದರೆ ಎಣಿಕೆ ಮಾತ್ರ ಎಲ್ಲ ಲೈನುಗಳಲ್ಲಿಯೂ ಈಗಲೇ ಮಾಡುತ್ತೇವೆ. ವರ್ಷ ಕಳೆದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಕೆಲಸದ ತೂಕ ಎಷ್ಟು, ನೀರು ಎಷ್ಟು ಎಂದು ತಿಳಿಯುತ್ತದೆ. ಸರದಿ ಬಾರದ ಲೈನಿನಲ್ಲಿ ಯಾರಾದರೂ ತಾವಾಗಿ ಸಹಾಯ ಕೇಳಿದರೆ ಕಾಯಿಸುವುದಿಲ್ಲ. ಬಾಯಲ್ಲಿ ಹುಣ್ಣು ಇದ್ದವರು ಯಾವ ಲೈನಿನವರಾದರೂ ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ.

ಈ ನೋಟುಬುಕ್ಕನ್ನು ಮೇಸ್ತ್ರಿಗೂ ತೋರಿಸುವುದಿಲ್ಲ, ಆಫೀಸಿಗೂ ಕೊಡುವುದಿಲ್ಲ. ಯಾರ ಕೂಲಿಯ ಮೇಲೂ ಇದರ ನೆರಳು ಬೀಳಬಾರದು. ಹೆಸರು ನಮ್ಮಲ್ಲೇ ಇರುತ್ತದೆ. ಒಟ್ಟು ಸಂಖ್ಯೆಯನ್ನು ಮಾತ್ರ ಕೂಟದಲ್ಲಿ ಓದುತ್ತೇವೆ. ಆ ಸಂಖ್ಯೆ ಸಣ್ಣದಾಗಿದ್ದರೂ ಓದುತ್ತೇವೆ.

ತಿಂಗಳಿಗೊಮ್ಮೆ ಮನೆಯವರು ಒಬ್ಬರ ಬಾಯನ್ನು ಒಬ್ಬರು ಹಗಲು ಬೆಳಕಿನಲ್ಲಿ ನೋಡಿರಿ. ಕೆನ್ನೆಯ ಒಳಗೆ, ನಾಲಿಗೆಯ ಅಡಿಯಲ್ಲಿ, ವಸಡಿನ ಪಕ್ಕದಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ? ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದೆಯೇ? ಮೂರು ಬೆರಳು ಒಟ್ಟಿಗೆ ಹೋಗುವಷ್ಟು ಬಾಯಿ ತೆರೆಯಲು ಆಗುವುದಿಲ್ಲವೇ? ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗತಕ್ಕದ್ದು. ಹೊಗೆಸೊಪ್ಪು ಬಿಟ್ಟು ಬರಿಯ ಅಡಿಕೆ ಹಾಕಿಕೊಂಡರೆ ಪರವಾಗಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಅಡಿಕೆಯೂ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2004ರಲ್ಲಿ ಪ್ರಕಟಿಸಿದ್ದಾರೆ. ಬಾಯಿ ತೆರೆಯದಂತೆ ಬಿಗಿಯುವ ರೋಗ ಬರುವುದೂ ಅಡಿಕೆಯಿಂದಲೇ.

ಫೋನು ಇರುವವರು ಈ ಸಂಖ್ಯೆಯನ್ನು ಬರೆದುಕೊಳ್ಳಿರಿ: 1800-11-2356. ತಂಬಾಕು ಬಿಡಲು ಸಹಾಯ ಮಾಡಲು ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಸಾಲು ಇದು, ಕರೆಗೆ ಹಣವಿಲ್ಲ. 2018ರಿಂದ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯೂ ಇದರಲ್ಲಿ ಸೇರಿದ್ದರಿಂದ ಕನ್ನಡದಲ್ಲಿಯೂ ತಮಿಳು, ಮಲಯಾಳದಲ್ಲಿಯೂ ಮಾತಾಡಲು ದಾರಿಯಾಯಿತು. ಬಿಡಲು ಒಪ್ಪಿದವರಿಗೆ ಅವರೇ ತಿರುಗಿ ಫೋನು ಮಾಡಿ ವಿಚಾರಿಸುತ್ತಾರೆ.

ಪ್ರಿಯರೇ, ಇಂದು ನಾವು ಯಾರಿಗೂ ಕೈ ಎತ್ತಿರಿ ಎಂದು ಹೇಳುವುದಿಲ್ಲ. ಮನಸ್ಸು ಇರುವವರು ಹೊರಡುವಾಗ ಬಾಗಿಲ ಹತ್ತಿರ ಕುಳಿತಿರುವ ನಮ್ಮ ಕಾರ್ಯಕರ್ತರ ಹತ್ತಿರ ಹೆಸರು ಬರೆಸಿರಿ. ಬರೆಸಲು ಸಂಕೋಚವಾದರೆ ಮನೆಯಲ್ಲಿ ಇರಿ, ನಾವೇ ಬರುತ್ತೇವೆ. ಮೇಲಿನ ಲೈನಿನ ಆ ಅಕ್ಕ ಹತ್ತನೆಯ ದಿನದ ಭೇಟಿಗೆ ತಾವೂ ನಮ್ಮ ಜೊತೆ ಬರುವುದಾಗಿ ಹೇಳಿದ್ದಾರೆ. ಮಾತು ಸ್ಪಷ್ಟವಾಗಿ ಆಡಲು ಅವರಿಗೆ ಕಷ್ಟ. ಆದರೂ, "ನಾನು ಬಂದು ಕೂತರೆ ಸಾಕಲ್ಲ" ಎಂದರು.

ಬರುವ ವರ್ಷ ಇದೇ ದಿನ, ಇದೇ ಜಾಗದಲ್ಲಿ ನೋಟುಬುಕ್ಕನ್ನು ನಿಮ್ಮ ಮುಂದೆ ತೆರೆಯುತ್ತೇವೆ. ಅಂದು ನೀವು ನಮ್ಮ ಲೆಕ್ಕವನ್ನು ಕೇಳತಕ್ಕದ್ದು.